ಜೇಡಿಮಣ್ಣಿಲ್ಲದ ನೀಲಿ ನೀರುಕುದುರೆ: ನನ್ನ ಅನುಭವ

ಒಂದು ಚಿಟಿಕೆ ಬೆಂಟೊನೈಟ್ ಜೇಡಿಮಣ್ಣನ್ನೂ ಬೆರೆಸದೆ, ಬರಿಯ ಬೆಣಚುಕಲ್ಲಿನ ಪುಡಿಯಲ್ಲಿ ಈಜಿಪ್ಟಿನ ಫೈಯೆನ್ಸ್ (ಬೆಣಚುಕಲ್ಲಿನ ಪುಡಿಯನ್ನು ಸುಟ್ಟು ಮಾಡುವ, ಗಾಜಿನ ಹೊಳಪಿನ ವಸ್ತು) ನೀರುಕುದುರೆಯನ್ನು ಕೈಯಲ್ಲೇ ತಿದ್ದಿ ಸುಡುವುದು ಆಗದ ಮಾತೆಂದು ಕುಂಬಾರಿಕೆಯ ಗೆಳೆಯರೆಲ್ಲರೂ ಹೇಳುತ್ತಿದ್ದರು. ಈಗ ಬಿರುಕಿಲ್ಲದ ನಾಲ್ಕೈದು ನೀರುಕುದುರೆಗಳು ನನ್ನ ಕಪಾಟಿನಲ್ಲಿವೆ, ಅದೇ ಗೆಳೆಯರು ಪಾಕದ ಅಳತೆ ಕೇಳುತ್ತಿದ್ದಾರೆ.

ನನ್ನ ಮಾದರಿ ಈಜಿಪ್ಟಿನ ಮೇರ್‌ನಲ್ಲಿದ್ದ ಸೆನ್ಬಿ ಎಂಬ ಅಧಿಕಾರಿಯ ಗೋರಿಯಲ್ಲಿ ಸಿಕ್ಕಿದ, 12ನೆಯ ರಾಜವಂಶದ ಕಾಲದ, ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಬೊಂಬೆ. ಅದು 1917ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಉದ್ದ ಸುಮಾರು 20 ಸೆಂಟಿಮೀಟರ್, ಎತ್ತರ 11. ನಾನು ಅದರ ಮುಕ್ಕಾಲು ಅಳತೆಗೆ ತೃಪ್ತನಾದೆ, ಏಕೆಂದರೆ ಅದಕ್ಕಿಂತ ದೊಡ್ಡದು ಒಣಗುವಾಗ ಬೆನ್ನಿನ ಮೇಲೆ ಸೀಳುತ್ತಿತ್ತು.

ನೂರು ಭಾಗದಲ್ಲಿ ತೊಂಬತ್ತರಷ್ಟು ಬೆಣಚುಕಲ್ಲು, ಆರೇಳು ಭಾಗ ಸೋಡಾ, ಉಳಿದದ್ದು ಸುಣ್ಣ ಮತ್ತು ತಾಮ್ರ. ಈಜಿಪ್ಟಿನವರು ಬಳಸುತ್ತಿದ್ದ ನೇಟ್ರನ್ ಎಂಬ ಸಹಜ ಸೋಡಾದ ಬದಲಿಗೆ ಬಟ್ಟೆ ಸೋಡಾವನ್ನೂ ಅಡುಗೆ ಸೋಡಾವನ್ನೂ ಸಮಸಮವಾಗಿ ಸೇರಿಸಿದೆ. ಅಂಟಿಗೆ ಜಾಲಿಯ ಗೋಂದು ಸಾಕಾಯಿತು. ಅದನ್ನು ಯಾವ ಹದದಲ್ಲಿ, ಯಾವಾಗ ಬೆರೆಸಬೇಕೆಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ತಾಮ್ರದ ಕಾರ್ಬೊನೇಟ್ ದುಬಾರಿಯೆನಿಸಿ, ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತವನ್ನು ತಂದು, ಬಟ್ಟೆ ಸೋಡಾ ಕದಡಿದ ನೀರಿನಲ್ಲಿ ಒಡೆಸಿ, ತಳದಲ್ಲಿ ಕುಳಿತ ಹಸಿರು ಮಡ್ಡಿಯನ್ನು ಹಲವು ಸಲ ತೊಳೆದು ಬಳಸಿದೆ. ಕಂಚಿನ ಅರಪುಡಿಯನ್ನೂ ಸುಟ್ಟು ನೋಡಿದೆ. ಈಜಿಪ್ಟಿನ ಇತಿಹಾಸದಲ್ಲಿ ಮುಂದೆ ಬಂದ ಹೊಸ ಸಾಮ್ರಾಜ್ಯ ಕಾಲದ ನೀಲಿಯಲ್ಲಿ ತವರದ ಅಂಶ ಕಾಣುವುದರಿಂದ, ಆ ಕಾಲದವರೂ ತಾಮ್ರ-ತವರ ಬೆರೆತ ಕಂಚಿನ ಚೂರುಗಳನ್ನೇ ಬಳಸಿರಬೇಕೆಂಬ ಊಹೆಯಿದೆ. ನನಗೆ ಬಂದದ್ದು ಮಂಕು ಹಸಿರು.

ಹಣ ಹೋದದ್ದು ಒಲೆಯಲ್ಲಿ. ಸೋಡಾದ ಆವಿ ವಿದ್ಯುತ್ ಒಲೆಯ ಸುರುಳಿಗಳನ್ನು ತಿಂದುಹಾಕಿತು, ಅವುಗಳ ಬದಲಾವಣೆಗೆ ಎಂಟೊಂಬತ್ತು ಸಾವಿರ. ಕರಗಿ ಹರಿದ ಹೊಳಪು ಅಂಟಿಕೊಂಡು ಹಾಳಾದ ಹಲಗೆಗಳ ಲೆಕ್ಕ ಬೇರೆ. 950 ಡಿಗ್ರಿ ದಾಟಿದರೆ ನನ್ನ ಪಾಕ ಕುಸಿಯುತ್ತದೆ, 850ಕ್ಕೆ ನಿಲ್ಲಿಸಿದರೆ ಮೈ ಒರಟಾಗಿಯೇ ಉಳಿಯುತ್ತದೆ. 910ರ ಆಸುಪಾಸಿನಲ್ಲಿ ಅರ್ಧ ಗಂಟೆ ಹಿಡಿದಾಗ ಒಳ್ಳೆಯ ಫಲ ಸಿಕ್ಕಿತು.

ಈ ಹೊಳಪನ್ನು ಮೇಲೆ ಹಚ್ಚುವುದಿಲ್ಲ: ಒಣಗುವಾಗ ಸೋಡಾದ ಲವಣ ಮೈಮೇಲೆ ಬಂದು ಬಿಳಿಯ ಹೂವಿನಂತೆ ಅರಳುತ್ತದೆ, ಸುಟ್ಟಾಗ ಅದೇ ಕರಗಿ ಹೊಳಪಾಗುತ್ತದೆ. ಮಳೆಗಾಲದಲ್ಲಿ ಮಾಡಿದ್ದೆಲ್ಲವೂ ವ್ಯರ್ಥವಾಯಿತು, ಏಕೆಂದರೆ ತೇವದ ಗಾಳಿಯಲ್ಲಿ ಲವಣ ಮೈಮೇಲೆ ಅರಳದೆ ಒಳಗೇ ಉಳಿದು, ಸುಟ್ಟ ಬೊಂಬೆ ಸುಣ್ಣದ ಕಡ್ಡಿಯಂತೆ ಉದುರುತ್ತಿತ್ತು. ಮಾಘದ ಒಣಗಾಳಿಯಲ್ಲಿ ಬಿಳಿಯ ಹೂವು ಸಮನಾಗಿ ಎದ್ದಿತು. ಆಮೇಲೆ ಬೊಂಬೆಯನ್ನು ಮುಟ್ಟಲೇಬಾರದು, ಬೆರಳು ತಗುಲಿದಲ್ಲಿ ಹೊಳಪು ಬರುವುದಿಲ್ಲ. ಮೂಲ ಬೊಂಬೆಯ ಮೈಮೇಲಿರುವಂಥ ತಾವರೆಯ ಕಪ್ಪು ಗೆರೆಗಳನ್ನು ಮ್ಯಾಂಗನೀಸಿನಲ್ಲಿ ಎಳೆಯಲು ಕುಂಚವಾದರೂ ತಗುಲಲೇಬೇಕಲ್ಲ ಎಂದು ಕೇಳುವವರಿಗೆ, ಅದಕ್ಕೊಂದು ಹೊತ್ತಿದೆ ಎಂದಷ್ಟೇ ಹೇಳಬಲ್ಲೆ.

ಸೆನ್ಬಿಯ ನೀರುಕುದುರೆಯ ಮೂರು ಕಾಲುಗಳನ್ನು, ಅದು ಸತ್ತವನಿಗೆ ಹಾನಿ ಮಾಡದಿರಲೆಂದು, ಹೂಳುವ ಮೊದಲೇ ಮುರಿದಿದ್ದರೆನ್ನುತ್ತಾರೆ. ಕೆಟ್ಟುಹೋದ ನನ್ನದೊಂದರ ಕಾಲು ಮುರಿದು ನೋಡಿದೆ: ಸಣ್ಣ ಸುತ್ತಿಗೆಯ ಒಂದೇ ಏಟು ಸಾಕು, ಒಳಗಿನ ಬಿಳಿ ಮೈ ಒರಟಾಗಿ ತೆರೆದುಕೊಳ್ಳುತ್ತದೆ.

ಈಗ ಅದೇ ಕಾಲದ ಗೋರಿಗಳ ಹೆಣ್ಣುಬೊಂಬೆಗಳಿಗೆ ಕೈ ಹಾಕಿದ್ದೇನೆ. ಸೊಂಟಕ್ಕೆ ಕವಡೆಯ ಸರ, ಮೈಮೇಲೆ ಹಚ್ಚೆಯ ಚುಕ್ಕಿಗಳು, ಕಾಲುಗಳು ಮಂಡಿಗೇ ಮುಗಿದಿರುತ್ತವೆ. ಮಂಡಿಯ ಸಪಾಟು ಬುಡ ಒಲೆಯ ಹಲಗೆಯ ಮೇಲೆ ಬಹಳ ಚೆನ್ನಾಗಿ ಕೂರುವುದರಿಂದ ಇದು ಕುಶಲಕರ್ಮಿಯ ಉಪಾಯವೆಂದು ನನಗೆ ಮೊದಲು ತೋರಿತ್ತು. ಆದರೆ ಸುಡುವ ಪ್ರಶ್ನೆಯೇ ಇಲ್ಲದ ಮರದ ಮತ್ತು ಸುಣ್ಣಕಲ್ಲಿನ ಬೊಂಬೆಗಳೂ ಮಂಡಿಗೇ ನಿಲ್ಲುತ್ತವೆಯಾದ್ದರಿಂದ, ಕಾರಣ ಒಲೆಯಲ್ಲಿಲ್ಲ.