ಗಾಯದ ವಿಡಿಯೊ ನಿಜವೋ ನಾಟಕವೋ? ರಕ್ತ ಬಿಟ್ಟು ಸುತ್ತಮುತ್ತ ನೋಡಿ

ಯಾರೋ ಕಳಿಸಿದ ವಿಡಿಯೊ ತೆರೆದರೆ ಮುರಿದ ಕಾಲು, ಮೈತುಂಬ ರಕ್ತ, ಕಿರುಚಾಟ. ಎದೆ ಝಲ್ ಅನ್ನುತ್ತದೆ. ಮರುಕ್ಷಣವೇ "ಅಯ್ಯೋ ಪಾಪ" ಅಂತಲೋ "ಇದೆಲ್ಲಾ ಬರೀ ನಾಟಕ" ಅಂತಲೋ ಬಾಯಿಗೆ ಬಂದುಬಿಡುತ್ತದೆ. ಎರಡನ್ನೂ ಸ್ವಲ್ಪ ತಡೆದುಕೊಳ್ಳಿ. ನಿಜ ಅನ್ನಲು ಎಷ್ಟು ಆಧಾರ ಬೇಕೋ, ಸುಳ್ಳು ಅನ್ನಲೂ ಅಷ್ಟೇ ಬೇಕು.

ಮೊದಲು ಸೌಂಡ್ ಆಫ್ ಮಾಡಿ, ವಿಡಿಯೊವನ್ನು ಚಿಕ್ಕದಾಗಿ ಇಟ್ಟುಕೊಂಡು ನೋಡಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ಆ ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಅದೇ ಸುದ್ದಿ ನೋಡಿದವರಲ್ಲಿ ಕಂಡ ಮಾನಸಿಕ ಒತ್ತಡ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಾಗಿತ್ತು. ಪರೀಕ್ಷೆ ಮಾಡುವ ನೆಪದಲ್ಲಿ ಒಂದೇ ವಿಡಿಯೊವನ್ನು ಪದೇ ಪದೇ ನೋಡುವುದು ನಿಮಗೂ ಒಳ್ಳೆಯದಲ್ಲ.

ಈಗ ಕೇಳಬೇಕಾದ ಮೊದಲ ಪ್ರಶ್ನೆ, ಇದು ಮೊದಲು ಎಲ್ಲಿ ಕಾಣಿಸಿಕೊಂಡಿತು ಅನ್ನುವುದು. ಏಕೆಂದರೆ ಹೆಚ್ಚಿನ ಸಲ ಗಾಯ ನಿಜವೇ ಇರುತ್ತದೆ, ಜೊತೆಗೆ ಬರೆದಿರುವ ಕಥೆ ಸುಳ್ಳಾಗಿರುತ್ತದೆ. ಯಾವುದೋ ದೇಶದ ಹಳೆಯ ಅಪಘಾತವನ್ನು ನಿನ್ನೆ ಪಕ್ಕದ ಊರಲ್ಲಿ ನಡೆದ ಹಲ್ಲೆ ಅಂತ ಹರಿಬಿಡುತ್ತಾರೆ. ಮೂರ್ನಾಲ್ಕು ಕಡೆ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ ಥರದ ಚಿತ್ರ ಹಾಕಿ ಹುಡುಕುವ ತಾಣಗಳಲ್ಲಿ ಹುಡುಕಿ. ಗಾಯದ ಚಿತ್ರ ಹಾಕಬೇಡಿ, ಹುಡುಕಾಟಕ್ಕೆ ಅದರಿಂದ ಅಷ್ಟು ಉಪಯೋಗವಿಲ್ಲ. ಅಂಗಡಿಯ ಬೋರ್ಡು, ಕಟ್ಟಡ, ಪೊಲೀಸರ ಸಮವಸ್ತ್ರ, ವಾಹನ ಚೆನ್ನಾಗಿ ಕಾಣುವ ಫ್ರೇಮ್ ಹಾಕಿ. ಈಗ ಹೇಳುತ್ತಿರುವ ದಿನಕ್ಕಿಂತ ಹಳೆಯ ತಾರೀಖಿನ ಒಂದೇ ಒಂದು ಪ್ರತಿ ಸಿಕ್ಕರೂ ಅರ್ಧ ಕೆಲಸ ಮುಗಿಯಿತು.

ಹುಡುಕಿದಾಗ ಮೂಲ ಖಾತೆ ಸಿಕ್ಕರೆ ಅದರಲ್ಲಿರುವ ಉಳಿದ ವಿಡಿಯೊಗಳನ್ನೂ ನೋಡಿ. ಇವತ್ತು ಸತ್ತವನು ಮುಂದಿನ ವಾರ ಅದೇ ಗಲ್ಲಿಯಲ್ಲಿ ಪೆಟ್ಟು ತಿನ್ನುತ್ತಿದ್ದರೆ ಬೇರೆ ಪುರಾವೆ ಬೇಕಾ? ಇಂಥ ವಿಡಿಯೊಗಳಲ್ಲಿ "ಜಾಗೃತಿಗಾಗಿ ಚಿತ್ರಿಸಿದ್ದು" ಅನ್ನುವ ಸಾಲು ಮೊದಲಲ್ಲೋ ಕೊನೆಯಲ್ಲೋ ಒಂದು ಸೆಕೆಂಡ್ ಬಂದು ಹೋಗುತ್ತದೆ, ಫಾರ್ವರ್ಡ್ ಆಗುವ ಹೊತ್ತಿಗೆ ಅದನ್ನು ಕತ್ತರಿಸಿರುತ್ತಾರೆ.

ಆಮೇಲೆ ಕ್ಯಾಮೆರಾ ಕಡೆ ಗಮನ ಕೊಡಿ. ಏನೂ ನಡೆಯುವ ಮೊದಲೇ ಅದು ಸರಿಯಾದ ಜಾಗಕ್ಕೆ ತಿರುಗಿ ಕಾಯುತ್ತಿತ್ತಾ? ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಯಾರಾದರೂ ಅಡ್ಡ ಬಂದರಾ, ಕ್ಯಾಮೆರಾ ಅಲುಗಿ ಎಲ್ಲ ಮಸುಕಾಯಿತಾ? ಮನುಷ್ಯನ ಜಾಗಕ್ಕೆ ಬೊಂಬೆ ಬರುವುದು ಅಲ್ಲೇ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನಿಲ್ಲಿಸಿ ಅಲ್ಪವಿರಾಮದ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದಕ್ಕೆ, ಚುಕ್ಕಿಯ ಕೀ ಒತ್ತಿದರೆ ಮುಂದಕ್ಕೆ ಹೋಗುತ್ತದೆ. ಹಾಗೆ ಹೋಗುತ್ತಾ ನೆಲದ ಮೇಲೆ ಬಿದ್ದ ಚಪ್ಪಲಿ, ನೆರಳಿನ ದಿಕ್ಕು, ಹಿಂದೆ ನಿಂತವರ ಜಾಗ ನೋಡಿ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಚಪ್ಪಲಿ ಒಂದು ಅಡಿ ಸರಿದಿದ್ದರೆ ಅಲ್ಲಿ ಕತ್ತರಿ ಬಿದ್ದಿದೆ. ಸಿಸಿಟಿವಿ ಆದರೆ ಮೂಲೆಯಲ್ಲಿ ಓಡುವ ಸಮಯ ನೋಡಿ. ಸೆಕೆಂಡ್ ಹಾರಿದರೆ ಅನುಮಾನ ಪಡಬಹುದು, ಆದರೆ ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಮಾಡುವ ಕ್ಯಾಮೆರಾಗಳಲ್ಲೂ ಹಾಗೆ ಹಾರುತ್ತದೆ.

ಸೌಂಡ್ ಒಂದು ಸಲ ಮಾತ್ರ ಹಾಕಿ ಕೇಳಿ. ಶಬ್ದ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡ್ ಬೇಕು. ದೂರದಲ್ಲಿ ಬೆಂಕಿ ಕಂಡ ಕ್ಷಣದಲ್ಲೇ ಢಂ ಅಂತ ಕೇಳಿಸಿದರೆ ಆ ಶಬ್ದವನ್ನು ಆಮೇಲೆ ಸೇರಿಸಿರಬಹುದು.

ಜನ ಜಾಸ್ತಿ ಎಡವುವುದು ರಕ್ತದ ವಿಷಯದಲ್ಲಿ. ಅಪಧಮನಿ ಕತ್ತರಿಸಿದರೆ ಕೆಂಪು ರಕ್ತ ಹೃದಯ ಬಡಿದ ಹಾಗೆಲ್ಲ ಚಿಮ್ಮುತ್ತದೆ, ಅಭಿಧಮನಿಯಿಂದಾದರೆ ಕಪ್ಪು ಬೆರೆತ ಕೆಂಪು ರಕ್ತ ಒಂದೇ ಸಮ ಹರಿಯುತ್ತದೆ. ಎರಡೂ ಒಣಗುತ್ತಾ ಕಂದು ಬಣ್ಣಕ್ಕೆ ತಿರುಗುತ್ತವೆ. ಸಿನಿಮಾ ರಕ್ತ ಎಷ್ಟೋ ಹೊತ್ತು ಕೆಂಪಗೇ ಇರಬಹುದು. ಇಷ್ಟು ತಿಳಿದಿರಲಿ, ಆದರೆ ಬಣ್ಣ ನೋಡಿ ತೀರ್ಪು ಕೊಡಬೇಡಿ. ಮೊಬೈಲ್ ಕ್ಯಾಮೆರಾ, ಬೀದಿದೀಪ, ಫಿಲ್ಟರ್ ಎಲ್ಲವೂ ಬಣ್ಣ ಕೆಡಿಸುತ್ತವೆ. ಕೈಕಾಲು ತುಂಡಾದಾಗಲೂ ರಕ್ತನಾಳಗಳು ಕುಗ್ಗಿ ಒಳಕ್ಕೆ ಸರಿದು, ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ರಕ್ತ ಬರುವುದುಂಟು. ಇನ್ನೊಂದು ಕಡೆ, ಸೇನೆಯ ವೈದ್ಯಕೀಯ ತರಬೇತಿಯಲ್ಲಿ ಮೊದಲೇ ಕಾಲು ಕಳೆದುಕೊಂಡಿರುವವರಿಗೆ ಸಿಲಿಕೋನ್ ಗಾಯ ಅಂಟಿಸಿ ಅಭಿನಯ ಮಾಡಿಸುತ್ತಾರೆ. ಅಂಥ ಒಂದು ತುಣುಕು ಹೊರಬಂದರೆ ಬರೀ ಕಣ್ಣಿಗೆ ಗೊತ್ತಾಗುವುದು ಕಷ್ಟ.

"ಅಷ್ಟು ಪೆಟ್ಟಾದವನು ಎದ್ದು ನಡೀತಾನಾ? ಅಳೋದೇ ಇಲ್ವಲ್ಲ?" ಅನ್ನುವ ವಾದವನ್ನು ಪೂರ್ತಿ ಬಿಟ್ಟುಬಿಡಿ. ದೊಡ್ಡ ಪೆಟ್ಟಾದಾಗ ಕೆಲವರಿಗೆ ಮೊದಮೊದಲು ನೋವೇ ಗೊತ್ತಾಗುವುದಿಲ್ಲ. ಸುಮ್ನೆ ಕೂರುತ್ತಾರೆ, ಫೋನ್ ಹುಡುಕುತ್ತಾರೆ, ಅಸಂಬದ್ಧ ಮಾತಾಡುತ್ತಾರೆ.

2022ರ ಯುದ್ಧದಲ್ಲಿ ಉಕ್ರೇನಿನ ಬುಚಾ ಪಟ್ಟಣದ ಬೀದಿಯಲ್ಲಿ ಬಿದ್ದಿದ್ದ ಶವಗಳನ್ನು ಕಾರಿನಿಂದ ತೆಗೆದ ವಿಡಿಯೊದಲ್ಲಿ "ಶವ ಕೈ ಆಡಿಸಿತು" ಅಂತ ಗುಲ್ಲೆದ್ದಿತು. ಸ್ಪಷ್ಟವಾದ ಪ್ರತಿಯಲ್ಲಿ ನೋಡಿದರೆ ಅದು ಕಾರಿನ ಗಾಜಿನ ಮೇಲಿದ್ದ ನೀರಿನ ಹನಿ. 2012ರಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಸಿಬ್ಬಂದಿ ಗುಂಡಿಗೆ ಬಲಿಯಾದರು. ಆ ಮಕ್ಕಳ ತಂದೆತಾಯಂದಿರನ್ನೇ ನಟರು ಅಂತ ಕರೆದು ವರ್ಷಗಟ್ಟಲೆ ಕಾಡಿದರು. ಸುಳ್ಳು ಹಬ್ಬಿಸಿದ ಅಮೆರಿಕದ ಟಾಕ್ ಶೋ ನಿರೂಪಕ ಅಲೆಕ್ಸ್ ಜೋನ್ಸ್ ನೂರು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದು 2022ರಲ್ಲಿ ಕೋರ್ಟಿನಲ್ಲಿ ತೀರ್ಮಾನವಾಯಿತು. ಎದುರಿನ ಉದಾಹರಣೆಯೂ ಇದೆ: 2014ರಲ್ಲಿ ಸಿರಿಯಾದ ಪುಟ್ಟ ಹುಡುಗ ಗುಂಡಿನ ಮಳೆಯಲ್ಲಿ ಹುಡುಗಿಯೊಬ್ಬಳನ್ನು ಕಾಪಾಡಿದ ಅಂತ ಲಕ್ಷಾಂತರ ಜನ ನೋಡಿದ ವಿಡಿಯೊವನ್ನು ನಾರ್ವೆಯ ಸಿನಿಮಾ ತಂಡ ಮಾಲ್ಟಾದಲ್ಲಿ ಚಿತ್ರಿಸಿತ್ತು. ಅದು ನಾಟಕ ಅಂತ ಖಚಿತವಾದದ್ದು ಚಿತ್ರಿಸಿದವರೇ ಒಪ್ಪಿಕೊಂಡಾಗ.

ಎಐ ವಿಡಿಯೊದಲ್ಲಿ ಈಗಲೂ ಕೆಲವು ಸುಳಿವು ಸಿಗುತ್ತವೆ. ಬೋರ್ಡಿನ ಅಕ್ಷರ ಕಲಸಿಹೋಗಿರುತ್ತದೆ, ಪಕ್ಕದಲ್ಲೇ ಅಪಘಾತವಾದರೂ ಹಿಂದಿನವರು ತಿರುಗಿಯೂ ನೋಡುವುದಿಲ್ಲ, ಬಟ್ಟೆಗೆ ತಾಗಿದ ರಕ್ತ ಮಾಯವಾಗಿರುತ್ತದೆ. ಈ ದೋಷಗಳು ಕಡಿಮೆಯಾಗುತ್ತಿವೆ. ಅದಕ್ಕೇ ಎರಡನೇ ಕ್ಯಾಮೆರಾ ಹುಡುಕಿ ಅನ್ನುತ್ತೇನೆ. ಜನ ತುಂಬಿದ ಜಾಗದಲ್ಲಿ ನಡೆದ ಘಟನೆಯನ್ನು ಇನ್ಯಾರಾದರೂ ಬೇರೆ ಕಡೆಯಿಂದ ತೆಗೆದಿರುವ ಸಾಧ್ಯತೆ ಹೆಚ್ಚು. ಸ್ಥಳೀಯ ಪತ್ರಿಕೆ, ಆಸ್ಪತ್ರೆ, ಪೊಲೀಸರು ಏನಾದರೂ ಹೇಳಿದ್ದಾರಾ ನೋಡಿ.

ಇಷ್ಟೆಲ್ಲಾ ಮಾಡಿದರೂ ಗೊತ್ತಾಗಲಿಲ್ಲ ಅಂದರೆ "ಗೊತ್ತಾಗಲಿಲ್ಲ" ಅಂತಲೇ ಹೇಳಿ, ಮುಂದಕ್ಕೆ ಕಳಿಸಬೇಡಿ. ಈಗಷ್ಟೇ ಯಾರ ಮೇಲೋ ಹಲ್ಲೆಯಾಗಿದೆ ಅನ್ನಿಸಿದರೆ ಮಾತ್ರ ಲಿಂಕ್, ಖಾತೆಯ ಹೆಸರು, ನೋಡಿದ ಸಮಯ ಬರೆದಿಟ್ಟುಕೊಂಡು ನೇರವಾಗಿ ಪೊಲೀಸರಿಗೆ ಕೊಡಿ. ಗ್ರೂಪಿಗೆ ಹಾಕಿ "ಇದು ನಿಜಾನಾ?" ಅಂತ ಕೇಳುವುದೂ ಹಂಚಿದ ಹಾಗೇ ಅಲ್ವಾ, ಆ ಗಾಯಾಳುವಿನ ಮನೆಯವರು ಅದೇ ಗ್ರೂಪಿನಲ್ಲಿ ಇರಬಹುದು.