ಗ್ಯಾಸ್ ಗೀಸರ್ ಹೊತ್ತಿಕೊಳ್ಳುತ್ತಿಲ್ಲವೇ? ಮೊದಲು ಕಿವಿಗೊಡಿ

ಮಲೆನಾಡಿನ ಬಚ್ಚಲುಗಳಲ್ಲಿ ಹಂಡೆಯ ಒಲೆಗೆ ಅಡಿಕೆ ಸಿಪ್ಪೆ ತುಂಬುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಆಷಾಢದ ಮಳೆಯಲ್ಲಿ ಸಿಪ್ಪೆಯೂ ಸೌದೆಯೂ ತೇವ ಕುಡಿದು ಬರೀ ಹೊಗೆಯಾಡುವಾಗ, ಕರೆಂಟೂ ಇಲ್ಲದಿರುವಾಗ ಗ್ಯಾಸ್ ಗೀಸರೇ ಆಸರೆ. ತೀರ್ಥಹಳ್ಳಿ, ಹೊಸನಗರದ ಕಡೆ ಅದು ಕೈಕೊಡುವುದೂ ಇದೇ ದಿನಗಳಲ್ಲಿ. ಪೇಟೆಯಿಂದ ಮೆಕ್ಯಾನಿಕ್ ಬರುವ ಮೊದಲು ನಾವೇ ನೋಡಬಹುದಾದದ್ದು ಬಹಳಷ್ಟಿದೆ.

ಎಲ್ಲಕ್ಕಿಂತ ಮೊದಲು ಮೂಗಿಗೆ ಕೆಲಸ ಕೊಡಿ. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಬಚ್ಚಲಿನಂತಹ ತಗ್ಗಿನ ಜಾಗದಲ್ಲಿ ನೆಲಕ್ಕಂಟಿ ನಿಲ್ಲುತ್ತದೆ.

ವಾಸನೆ ಇಲ್ಲದಿದ್ದರೆ ಬಿಸಿನೀರಿನ ನಲ್ಲಿ ತಿರುಗಿಸಿ, ಆಲಿಸಿ. ಒಳಗೆ ನಡೆಯುವ ಕೆಲಸಕ್ಕೊಂದು ಕ್ರಮವಿದೆ. ಹರಿಯುವ ನೀರಿನ ಒತ್ತಡಕ್ಕೆ ರಬ್ಬರಿನ ಪೊರೆಯೊಂದು ಉಬ್ಬಿ ಸಣ್ಣ ಸ್ವಿಚ್ಚನ್ನು ಒತ್ತುತ್ತದೆ. ಬ್ಯಾಟರಿಯಿಂದ ‘ಟಕ್ ಟಕ್’ ಎಂದು ಕಿಡಿ ಹಾರುತ್ತದೆ. ಗ್ಯಾಸಿನ ಕವಾಟ ತೆರೆದು ಬರ್ನರ್ ಹೊತ್ತಿಕೊಳ್ಳುತ್ತದೆ. ಉರಿ ಇದೆಯೆಂದು ಒಂದು ಕಡ್ಡಿ ಗುರುತಿಸಿದರೆ ಮಾತ್ರ ಕವಾಟ ತೆರೆದೇ ಇರುತ್ತದೆ. ಇಲ್ಲವಾದರೆ ಕೆಲವೇ ಕ್ಷಣಗಳಲ್ಲಿ ಮುಚ್ಚಿಕೊಳ್ಳುತ್ತದೆ. ಈ ಸರಪಳಿ ಎಲ್ಲಿ ತುಂಡಾಗಿದೆ ಎಂದು ತಿಳಿದರೆ ಅರ್ಧ ರಿಪೇರಿ ಆದಂತೆಯೇ.

ಟಕ್ ಟಕ್ ಸದ್ದೇ ಇಲ್ಲವೆಂದರೆ ದೋಷ ಬ್ಯಾಟರಿಯಲ್ಲೋ ನೀರಿನಲ್ಲೋ ಇದೆ. ಸಾಮಾನ್ಯವಾಗಿ ತಳದ ಡಬ್ಬಿಯಲ್ಲಿ 1.5 ವೋಲ್ಟಿನ ಎರಡು ದಪ್ಪ ಸೆಲ್‌ಗಳಿರುತ್ತವೆ. ನಮ್ಮ ತೇವದ ಹವೆಗೆ ಅವುಗಳ ತುದಿಯ ಲೋಹಕ್ಕೆ ಹಸಿರು, ಬಿಳಿ ಕಿಲುಬು ಕಟ್ಟುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿ, ಎರಡೂ ಸೆಲ್‌ಗಳನ್ನು ಒಟ್ಟಿಗೇ ಬದಲಿಸಿ. ಒಂದು ಹಳೆಯದು, ಒಂದು ಹೊಸದು ಬೇಡ.

ಆಮೇಲೂ ಸದ್ದಿಲ್ಲದಿದ್ದರೆ ನೀರಿನ ಕಡೆ ತಿರುಗಿ. ನನ್ನ ಅನುಭವದಲ್ಲಿ ಮಲೆನಾಡಿನ ಗೀಸರ್‌ಗಳ ದೊಡ್ಡ ಶತ್ರು ಇಲ್ಲಿದೆ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವ ಮನೆಗಳಿಗೆ ಮಳೆಗಾಲದಲ್ಲಿ ನೀರಿನ ಜೊತೆ ಮರಳು, ಕೊಳೆತ ಎಲೆ, ಬೇರಿನ ಎಳೆಗಳೂ ಬರುತ್ತವೆ. ಗೀಸರ್‌ಗೆ ನೀರು ಸೇರುವ ಬಾಯಲ್ಲಿ ಸಣ್ಣ ಜಾಲರಿಯೊಂದಿರುತ್ತದೆ. ಎಲ್ಲವೂ ಅಲ್ಲಿ ಬಂದು ಕೂರುತ್ತದೆ. ಹೋದ ವರ್ಷ ನಮ್ಮ ಮನೆಯಲ್ಲಿ ಸಿಲಿಂಡರ್ ಬದಲಿಸಿ, ರೆಗ್ಯುಲೇಟರ್ ಬದಲಿಸಿ, ಕೊನೆಗೆ ಜಾಲರಿ ತೆಗೆದಾಗ ಸಿಕ್ಕಿದ್ದು ಹೆಬ್ಬೆರಳಿನ ಉಗುರಿನಷ್ಟು ಎಲೆಯ ಚೂರು. ರೆಗ್ಯುಲೇಟರನ್ನೂ ನೀರಿನ ವಾಲ್ವನ್ನೂ ಮುಚ್ಚಿ, ಪೈಪಿನ ನಟ್ ಬಿಚ್ಚಿ, ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಮರಳಿ ಕೂರಿಸಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಾಡಬೇಕಾದ ಕೆಲಸವಿದು. ಟ್ಯಾಂಕಿ ತೀರಾ ತಗ್ಗಿನಲ್ಲಿದ್ದರೂ ಪೊರೆ ಉಬ್ಬುವುದಿಲ್ಲ: 10 ಮೀಟರ್ ಎತ್ತರದ ನೀರು ಕೊಡುವುದೇ ಸುಮಾರು 1 ಬಾರ್ ಒತ್ತಡ. ಬೇಕಾದ ಕನಿಷ್ಠ ಒತ್ತಡವೆಷ್ಟೆಂದು ಗೀಸರ್‌ನ ಪಟ್ಟಿಯಲ್ಲಿ ನೋಡಿಕೊಳ್ಳಿ. ಬಯಲುಸೀಮೆಯಂತೆ ಸುಣ್ಣ ಕಟ್ಟುವ ತೊಂದರೆ ನಮ್ಮಲ್ಲಿ ಕಡಿಮೆ.

ಸದ್ದು ಬರುತ್ತದೆ, ಉರಿ ಮಾತ್ರ ಬರುತ್ತಿಲ್ಲವೆಂದರೆ ಗ್ಯಾಸ್ ತಲುಪುತ್ತಿಲ್ಲ. ಸಿಲಿಂಡರ್ ಹೊಸದಾಗಿ ಜೋಡಿಸಿದ್ದರೆ ಕೊಳವೆಯಲ್ಲಿ ಗಾಳಿ ಸಿಕ್ಕಿರುತ್ತದೆ. ನಲ್ಲಿ ತೆರೆದು ಮುಚ್ಚಿ, ನಡುವೆ ಕೆಲವು ನಿಮಿಷ ಬಿಟ್ಟು, ಎರಡು ಮೂರು ಸಲ ನೋಡಿ. ಅದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಬೇಡಿ. ಹೊತ್ತಿಕೊಳ್ಳುವಾಗ ‘ಧಡ್’ ಎಂದರೆ ಒಳಗೆ ಗ್ಯಾಸ್ ಸೇರಿ ಒಮ್ಮೆಲೇ ಉರಿದಿದೆ ಎಂದರ್ಥ. ಬಳಕೆ ಅಲ್ಲಿಗೇ ನಿಲ್ಲಲಿ.

ಹೊತ್ತಿ ಆರಿಹೋಗುವ ಗೀಸರ್‌ನ ಕಥೆ ಬೇರೆ. ಸುಮಾರು 20 ನಿಮಿಷಕ್ಕೆ ಆರಿದರೆ ಹಲವು ಮಾದರಿಗಳಲ್ಲಿ ಅದು ದೋಷವಲ್ಲ, ರಕ್ಷಣೆಗಾಗಿ ಇಟ್ಟ ವ್ಯವಸ್ಥೆ. ಚಳಿಯ ಬೆಳಗ್ಗೆ ಉರಿ ಕುಗ್ಗುತ್ತಾ ಆರಿದರೆ ಸಿಲಿಂಡರ್ ಖಾಲಿಯಾಗುತ್ತಿರಬಹುದು, ಇಲ್ಲವೇ ತೀರಾ ತಣ್ಣಗಾಗಿರಬಹುದು. ಗೀಸರ್ ಮೂರ್ನಾಲ್ಕು ದೊಡ್ಡ ಒಲೆಗಳಷ್ಟು ಗ್ಯಾಸನ್ನು ಒಮ್ಮೆಲೇ ಎಳೆಯುತ್ತದೆ. ತಣ್ಣಗಾದ ಸಿಲಿಂಡರಿನೊಳಗೆ ಅಷ್ಟು ಬೇಗ ದ್ರವ ಆವಿಯಾಗುವುದಿಲ್ಲ. ದಯವಿಟ್ಟು ಅದರ ಮೇಲೆ ಬಿಸಿನೀರು ಸುರಿಯಬೇಡಿ, ಅಡ್ಡ ಮಲಗಿಸಬೇಡಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಸಿಲಿಂಡರ್ ತುಂಬಿದ್ದೂ ಕ್ಷಣಗಳಲ್ಲೇ ಆರಿದರೆ ಉರಿ ಗುರುತಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು. ಮುಚ್ಚಳ ಬಿಚ್ಚುವ ಈ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ.

ಉರಿಯ ಬಣ್ಣವನ್ನು ಮಾತ್ರ ದಿನವೂ ನೀವೇ ನೋಡಿ. ನೀಲಿಯಾಗಿದ್ದರೆ ಸರಿ. ಹಳದಿಗೆ ತಿರುಗಿದರೆ ಗಾಳಿ ಸಾಲುತ್ತಿಲ್ಲ: ಜೇಡರ ಬಲೆಯೋ ಕಣಜದ ಮಣ್ಣಿನ ಗೂಡೋ ಬರ್ನರ್ ದಾರಿಯಲ್ಲಿರಬಹುದು. ಹಾಗೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಂತಿ ಬರುವಂತಾದರೆ ಕೂಡಲೇ ಹೊರಗೆ ಬನ್ನಿ; ಯಾರಾದರೂ ಕುಸಿದಿದ್ದರೆ ಬಯಲಿಗೆ ತಂದು 108ಕ್ಕೆ ಕರೆ ಮಾಡಿ.

ನನ್ನನ್ನು ಕಾಡುವುದು ಈ ಎರಚಲು. ಮಳೆ ಒಳಗೆ ಹೊಡೆಯುತ್ತದೆಂದು ಬಚ್ಚಲ ಕಿಟಕಿಗೆ ಪ್ಲಾಸ್ಟಿಕ್ ಹೊದಿಸುವ, ಹೊರಗಿನ ಗೀಸರನ್ನು ಒಳಗೆ ತರುವ ಮನೆಗಳನ್ನು ಪ್ರತಿ ಮಳೆಗಾಲವೂ ನೋಡುತ್ತೇನೆ. ಗೀಸರ್ ಬಚ್ಚಲಿನ ಹೊರಗೋಡೆಯ ಮೇಲೆಯೇ ಇರಲಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಎರಚಲು ತಡೆಯಲು ಅದರ ಮೇಲೆ ಎರಡಡಿ ಮುಂದೆ ಚಾಚಿದ ತಗಡಿನ ಮಾಡು ಹಾಕಿಸಿ. ಮುಂಭಾಗವೂ ಎರಡು ಬದಿಗಳೂ ತೆರೆದೇ ಇರಲಿ.