ವೈರ್‌ಗಾರ್ಡ್ ಸುರಂಗ: ಫೈಲ್ ಬರೆಯುತ್ತಲೇ ಪದ ಕಲಿಯಿರಿ

ಇಂಟರ್ನೆಟ್ ಮೇಲೆಯೇ ಖಾಸಗಿ ಸಂಪರ್ಕ ಕೊಡುವ ವಿಪಿಎನ್ ತಂತ್ರ ವೈರ್‌ಗಾರ್ಡ್. ಎರಡು ಕಂಪ್ಯೂಟರ್‌ಗಳ ನಡುವೆ ಅದರ ಸುರಂಗ ಹಾಕಲು ಹತ್ತು ಸಾಲಿನ ಕಾನ್ಫಿಗ್ ಫೈಲ್ ಸಾಕು. ಆದರೆ ಅದರ ಒಂದೊಂದು ಪದಕ್ಕೂ ತೂಕವಿದೆ. ಅರ್ಥ ತಿಳಿಯದೆ ಎಲ್ಲಿಂದಲೋ ನಕಲು ಮಾಡಿ ಅಂಟಿಸಿದರೆ ಸುರಂಗ ಎದ್ದಂತೆ ಕಾಣುತ್ತದೆ, ಡೇಟಾ ಮಾತ್ರ ಕದಲುವುದಿಲ್ಲ.

ಸುರಂಗ ಎಂದರೆ ಲಕೋಟೆಯೊಳಗೆ ಲಕೋಟೆ. ನಿಮ್ಮ ಪ್ಯಾಕೆಟ್ಟನ್ನು, ಅಂದರೆ ಡೇಟಾದ ತುಣುಕನ್ನು, ಇಡಿಯಾಗಿ ಗೂಢಲಿಪಿಗೆ ತಿರುಗಿಸಿ, ಯುಡಿಪಿ ಎಂಬ ಸರಳ ರವಾನೆ ವಿಧಾನದ ಮತ್ತೊಂದು ಪ್ಯಾಕೆಟ್‌ನೊಳಗೆ ತುಂಬಿ ಕಳಿಸಲಾಗುತ್ತದೆ. ಹೊರಗಿನದರ ಮೇಲೆ ಇಂಟರ್ನೆಟ್ ವಿಳಾಸ, ಒಳಗಿನದರ ಮೇಲೆ ಸುರಂಗದ ಖಾಸಗಿ ವಿಳಾಸ. ಈ ಎರಡನ್ನು ಬೆರೆಸದಿದ್ದರೆ ಅರ್ಧ ಕೆಲಸ ಮುಗಿದಂತೆ.

ಹಂತ 1: ಕೀಲಿ
ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, ಅದರ 5.6ನೇ ಆವೃತ್ತಿಯಿಂದ, ಅಂದರೆ 2020ರಿಂದ, ವೈರ್‌ಗಾರ್ಡ್ ಒಳಗೇ ಇದೆ. ಆಜ್ಞೆಗಳ ಪ್ಯಾಕೇಜ್ ಹಾಕಿಕೊಂಡು ಎರಡೂ ಕಡೆ ಪ್ರೈವೇಟ್ ಕೀ (ಗುಟ್ಟಿನ ಕೀಲಿ), ಅದರಿಂದ ಪಬ್ಲಿಕ್ ಕೀ (ಆಚೆ ತುದಿಗೆ ಕೊಡುವ ಕೀಲಿ) ತಯಾರಿಸಿ. ಒಂದೊಂದೂ 44 ಅಕ್ಷರದ ಸಾಲು. ಇಲ್ಲಿ ಯೂಸರ್‌ನೇಮ್ ಇಲ್ಲ, ಪಬ್ಲಿಕ್ ಕೀಯೇ ಗುರುತು. ಪ್ರೈವೇಟ್ ಕೀ ಹುಟ್ಟಿದ ಯಂತ್ರದಿಂದ ಹೊರಗೆ ಹೋಗಲೇಬಾರದು.

ಹಂತ 2: ಇಂಟರ್‌ಫೇಸ್
ಫೈಲಿನ ಈ ಭಾಗ ನಿಮ್ಮ ಯಂತ್ರದ್ದು: ಸ್ವಂತ ಪ್ರೈವೇಟ್ ಕೀ, ಸುರಂಗದೊಳಗಿನ ವಿಳಾಸ, ಕಿವಿಗೊಡುವ ಪೋರ್ಟ್, ಅಂದರೆ ಪ್ಯಾಕೆಟ್ ಬಂದು ತಲುಪುವ ಬಾಗಿಲ ಸಂಖ್ಯೆ. ರೂಢಿಯಲ್ಲಿರುವುದು 51820.

ಹಂತ 3: ಪಿಯರ್, ಎಂಡ್‌ಪಾಯಿಂಟ್
ಆಚೆ ತುದಿಯವರು ಪಿಯರ್. ಸರ್ವರ್, ಕ್ಲೈಂಟ್ ಎಂಬ ಭೇದ ಈ ಪ್ರೋಟೋಕಾಲ್‌ನಲ್ಲಿ ಇಲ್ಲ. ಪಿಯರ್‌ನ ಹೊರಗಿನ ವಿಳಾಸ ಮತ್ತು ಪೋರ್ಟ್ ಸೇರಿ ಎಂಡ್‌ಪಾಯಿಂಟ್. ಒಂದು ಕಡೆಗೆ ಇದು ಗೊತ್ತಿದ್ದರೆ ಸಾಕು, ಇನ್ನೊಂದು ಕಡೆ ಬಂದ ಪ್ಯಾಕೆಟ್ ನೋಡಿ ತಾನೇ ಕಲಿಯುತ್ತದೆ. ಫೋನ್ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಜಿಗಿದರೂ ಸುರಂಗ ಉಳಿಯುವುದು ಇದರಿಂದಲೇ.

ಹಂತ 4: ಅಲೌಡ್ ಐಪಿಸ್
ಇಲ್ಲಿ ನಿಧಾನಿಸಿ. ಹೆಸರು ಕೇಳಿದರೆ ಬರೀ ಅನುಮತಿಯ ಪಟ್ಟಿ ಅನಿಸುತ್ತದೆ, ಆದರೆ ಇದಕ್ಕೆ ಎರಡು ಕೆಲಸ. ಲ್ಯಾಪ್‌ಟಾಪ್ ಪಿಯರ್‌ಗೆ 10.0.0.2/32, ಅಂದರೆ ಆ ಒಂದೇ ವಿಳಾಸ, ಎಂದು ಕೊಟ್ಟಿದ್ದೀರಿ ಎನ್ನಿ. 10.0.0.2ಕ್ಕೆ ಹೊರಟ ಪ್ಯಾಕೆಟ್ ಆ ಲ್ಯಾಪ್‌ಟಾಪ್‌ನ ಹೆಸರಲ್ಲೇ ಗೂಢಲಿಪಿಯಾಗುತ್ತದೆ. ಅದೇ ಲ್ಯಾಪ್‌ಟಾಪ್‌ನಿಂದ ಬಂದ ಪ್ಯಾಕೆಟ್ ಬಿಚ್ಚಿದಾಗ ಒಳಗೆ ಕಳಿಸಿದವರ ವಿಳಾಸ 10.0.0.3 ಎಂದಿದ್ದರೆ ಅದನ್ನು ಬಿಸಾಡಲಾಗುತ್ತದೆ. ಹೋಗುವಾಗ ದಾರಿ, ಬರುವಾಗ ಕಾವಲು.

ಹೊಸಬರು ಎಡವುವುದು ಇಲ್ಲೇ. ಎಲ್ಲವನ್ನೂ ಸುರಂಗಕ್ಕೆ ಹಾಯಿಸುವ 0.0.0.0/0 ಲ್ಯಾಪ್‌ಟಾಪ್ ಕಡೆಯ ಫೈಲಿಗೆ ಸರಿ. ಅದನ್ನೇ ಹಲವು ಪಿಯರ್‌ಗಳು ಬಂದು ಸೇರುವ ಮಧ್ಯದ ಯಂತ್ರದಲ್ಲಿ ಎಲ್ಲ ಪಿಯರ್‌ಗಳಿಗೂ ಬರೆದರೆ, ಕೊನೆಯ ಪಿಯರ್ ಮಿಕ್ಕವರ ಪಾಲನ್ನೂ ಕಿತ್ತುಕೊಳ್ಳುತ್ತದೆ. ಎರರ್ ಕೂಡ ಬರುವುದಿಲ್ಲ.

ಹಂತ 5: ಹ್ಯಾಂಡ್‌ಶೇಕ್
ಎರಡು ತುದಿಗಳು ಕೀಲಿಯಿಂದ ಪರಸ್ಪರ ಗುರುತು ಹಿಡಿಯುವುದೇ ಹ್ಯಾಂಡ್‌ಶೇಕ್. ಸುರಂಗ ಎಬ್ಬಿಸಿ, ಆಚೆ ತುದಿಗೆ ಒಮ್ಮೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿ, ಆಮೇಲೆ 'ಡಬ್ಲ್ಯುಜಿ ಶೋ' (wg show) ಆಜ್ಞೆ ಕೊಡಿ. ಪಿಂಗ್ ಮೊದಲೇ ಬೇಕು, ಏಕೆಂದರೆ ಕಳಿಸಲು ಏನೂ ಇಲ್ಲದಾಗ ವೈರ್‌ಗಾರ್ಡ್ ಬಾಯಿ ಬಿಡುವುದಿಲ್ಲ. ಕೊನೆಯ ಹ್ಯಾಂಡ್‌ಶೇಕ್‌ನ ಸಾಲೇ ಕಾಣದಿದ್ದರೆ ಕೀಲಿ, ಎಂಡ್‌ಪಾಯಿಂಟ್, ಫೈರ್‌ವಾಲ್ ನೋಡಿ. ಹ್ಯಾಂಡ್‌ಶೇಕ್ ಆಗಿಯೂ ಪಿಂಗ್ ಬಾರದಿದ್ದರೆ ಮೊದಲ ಅನುಮಾನ ನಾಲ್ಕನೇ ಹಂತದ ಮೇಲಿರಲಿ.

ಮನೆಯ ರೂಟರ್ ಹಿಂದಿರುವ ಯಂತ್ರಕ್ಕೆ ಹೊರಗಿನಿಂದ ಯಾವಾಗ ಬೇಕಾದರೂ ತಲುಪಬೇಕಿದ್ದರೆ, ಆ ಯಂತ್ರದಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಎಂದು ಹಾಕಿ. 25 ಸೆಕೆಂಡಿಗೊಮ್ಮೆ ಖಾಲಿ ಪ್ಯಾಕೆಟ್ ಹೋಗಿ ರೂಟರ್‌ನ ಬಾಗಿಲು ತೆರೆದಿರುತ್ತದೆ.

ಪಿಂಗ್ ಬರುತ್ತದೆ, ಪುಟ ಮಾತ್ರ ತೆರೆಯದೆ ನಿಲ್ಲುತ್ತದೆ ಎಂದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ನೋಡಿ. 1500 ಬೈಟ್‌ನಲ್ಲಿ ಹೊರ ಲಕೋಟೆಗೆ 80 ಬಿಟ್ಟು 1420 ಇಡುವುದು ವಾಡಿಕೆ. ದಾರಿ ಅದಕ್ಕಿಂತ ಇಕ್ಕಟ್ಟಾಗಿದ್ದರೆ 1280ಕ್ಕೆ ಇಳಿಸಿ ಮತ್ತೆ ಪ್ರಯತ್ನಿಸಿ.